ಯೋಸೇಫನ ಹೆದರಿಕೆ

ಜುಲೈ ೮, ಸೋಮವಾರ

ಅಪ್ಪನಿಗೆ ಗಂಜಿ ಕುಡಿಸಿ, ಆಕ್ಸಿಜನ್ ಮೆಷೀನ್ ನೋಡಿ, ಸನತ್‌ನಗರದಿಂದ ಬಸ್ಸು. ನಾರಾಯಣಗೂಡದ ಬೈಬಲ್ ಕಾಲೇಜಿನ ಲೈಬ್ರರಿ ಕೆಲಸಕ್ಕೆ ಮತ್ತೆ ಲೇಟು.

ಸಂಜೆ ಪಾಸ್ಟರ್ ಅಂಬಾದಾಸರು ಪ್ರಾರ್ಥನೆಗೆ ಬಂದರು. "ವಿಶ್ವಾಸಿಗಳಿಗೆ ಸಾವಿನ ಹೆದರಿಕಿ ಇರಂಗಿಲ್ಲ, ಗುರುಶಾಂತಣ್ಣ" ಅಂದರು. ಅಪ್ಪ ಗೋಡೆ ಕಡೆ ಹೊರಳಿದ.

ಅವರು ಹೋದ ಮೇಲೆ ಕೇಳಿದ: "ಗಂಗವ್ವ, ಯೋಸೇಫ ಹೆಂಗ ಸತ್ತ?"

ಯೇಸುವಿನ ಅಪ್ಪ ಯೋಸೇಫನೂ ನಮ್ಮಪ್ಪನ ಹಾಗೇ ಬಡಗಿ; ಬಡಗಿಗೆ ಬಡಗಿಯ ಚಿಂತೆ. ಬೈಬಲ್ ತಿರುವಿದೆ. ಯೇಸು ಬೆಳೆದು ದೊಡ್ಡವನಾಗುವಷ್ಟರಲ್ಲಿ ಯೋಸೇಫ ಇಲ್ಲವೇ ಇಲ್ಲ. ಸತ್ತ ಅಂತಲೂ ಬರೆದಿಲ್ಲ.

ಜುಲೈ ೧೦

ಯೋಸೇಫನ ಸಾವಿನ ಕಥೆ ಸಿಕ್ಕಿತು! ಕಾಲೇಜಿನಲ್ಲಿ ಕ್ರೈಸ್ತ ಸಭೆಯ ಇತಿಹಾಸ ಕಲಿಸುವ ಸುಭದ್ರಾ ಮೇಡಂ ಹುಡುಕಿಕೊಟ್ಟರು. "ಈಜಿಪ್ಟಿನ ಹಳೇ ಕ್ರೈಸ್ತರು ಬರೆದಿಟ್ಟದ್ದಮ್ಮ. ಬೈಬಲ್‌ಗೆ ಸೇರಲಿಲ್ಲ."

ಓದುತ್ತಾ ಊಟದ ಡಬ್ಬಿ ತೆರೆಯಲೇ ಇಲ್ಲ. ತನ್ನ ಅಪ್ಪ ಯೋಸೇಫ ತೀರಿಕೊಂಡ ದಿನದ ಕಥೆಯನ್ನು ಯೇಸುವೇ ಶಿಷ್ಯರಿಗೆ ಹೇಳುತ್ತಾನೆ. ತಲೆಯ ಹತ್ತಿರ ಅವನು, ಕಾಲ ಹತ್ತಿರ ತಾಯಿ ಮರಿಯಳು... ಯಾವ ಕಾಲದ ಯಾವ ಮನೆಯೋ — ನಮ್ಮ ಮನೆಯ ಹಾಗೇ.

ಆದರೆ ಅಪ್ಪನಿಗೆ ಹೇಳಬಹುದೇ? ಬೈಬಲ್ ಬಿಟ್ಟು ಬೇರೆ ನಂಬಿದವನಲ್ಲ. ಈ ಹೊತ್ತಿನಲ್ಲಿ ಮನಸ್ಸು ಕಲಕಿದರೆ?

ಜುಲೈ ೧೪, ಭಾನುವಾರ

ಹೇಳಿದೆ. "ಅಪ್ಪಾ, ಇದು ಬೈಬಲ್‌ನಾಗ ಇಲ್ಲ."

"ಇರಲಿ, ಹೇಳು."

ಯೋಸೇಫ ಸಾವಿಗೆ ನಡುಗುವಲ್ಲಿಗೆ ಬಂದಾಗ ಅಪ್ಪ ಕೈ ಎತ್ತಿ ತಡೆದ.

"ಅಂವಾ ಹೆದರಿದ್ನಾ?"

"ಭಾಳ. ಯಾಕರ ಹುಟ್ಟಿದೆ ಅಂದ."

"ಯೇಸು ಬಾಜೂಕ ಇದ್ರೂ?"

"ಇದ್ರೂ."

"ಬೈದ್ನಾ ಯೇಸು?"

"ಇಲ್ಲಪ್ಪಾ. ಅತ್ತ."

ಅಪ್ಪ ಎತ್ತಿದ ಕೈಯನ್ನು ನನ್ನ ಕೈ ಮೇಲಿಟ್ಟ. ಆಮೇಲೆ — "ನನಗೂ ಭಾಳ ಹೆದರಿಕಿ ಆಗಾಕತ್ತೈತಿ, ಗಂಗವ್ವ."

ಅಪ್ಪನ ಬಾಯಲ್ಲಿ ಈ ಮಾತು! ಎದೆಗೆ ಒರಗಿಸಿಕೊಂಡೆ. ಇಬ್ಬರೂ ಅತ್ತೆವು. ಉಳಿದ ಕಥೆ ಹಾಗೇ ಉಳಿಯಿತು.

ಜುಲೈ ೧೬

ಪಾಸ್ಟರ್ ಬಂದಾಗ ಅಪ್ಪನೇ ಅಂದ: "ನನಗ ಹೆದರಿಕಿ ಐತ್ರಿ." ಅವರು ಬೈಬಲ್ ಮುಚ್ಚಿ ಅಪ್ಪನ ಕೈ ಹಿಡಿದು ಕೂತರು. ಪ್ರಾರ್ಥನೆ ಮಾಡಲಿಲ್ಲ. ಅದೇ ಪ್ರಾರ್ಥನೆಯೋ ಏನೋ.

ಜುಲೈ ೧೮, ಬೆಳಿಗ್ಗೆ

ಅಪ್ಪನ ಉಸಿರು ಬೇರೆ ಥರ. "ಮುಂದ ಏನಾತು, ಹೇಳು" ಅಂದ.

ಹೇಳಿದೆ — ಸಾವು ಬಂದು ಹೊರಗೇ ನಿಂತಿತ್ತು, ಯೇಸುವನ್ನು ಕಂಡು ಒಳಗೆ ಬರಲು ಅದಕ್ಕೇ ಭಯ. ಯೇಸು ಎದ್ದು ಹೋಗಿ ತಾನೇ ಕರೆದ. ಜೋಪಾನವಾಗಿ ನೋಡಿಕೋ, ಇವನು ನಮ್ಮಪ್ಪ ಅಂದ.

"ಸಾವಿಗೂ ಹೆದರಿಕಿ!" ಅಪ್ಪ ನಕ್ಕ. ನಿಜವಾಗಿ ನಕ್ಕ.

ಬಿಸಿಲು ಮಂಚದವರೆಗೆ ಬಂದಿದೆ. ಒಂದು ಕೈ ಅಪ್ಪನ ಕೈಯಲ್ಲಿ, ಒಂದರಲ್ಲಿ ಪೆನ್ನು. ಕಣ್ಣು ತೆರೆದ. ಏನೋ ಹೇಳ್ತಿದ್ದಾನೆ, ಕೇಳಿಸ್ತಿಲ್ಲ, ಪೆನ್ನು ಇಟ್ಟು ಸ್ವಲ್ಪ ಬಗ್ಗಿ —