ಇನ್ನೊಂದು ಸುತ್ತು

ಅಮ್ಮಾ,

“ಊರು ತೋರಿಸೋಕೆ ನನ್ನ ಮಗಳು ವಿಮಾನ ಇನ್ನೊಂದು ಸುತ್ತು ಹಾಕಿಸಿದ್ಲು” ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದೀಯಂತೆ. ದಯವಿಟ್ಟು ನಿಲ್ಲಿಸು.

ಅವತ್ತು ಇಳಿಯುವಾಗ ವೇಗವನ್ನು ಆಟೋಪೈಲಟ್ ನೋಡಿಕೊಳ್ಳುತ್ತಿದೆ ಎಂದುಕೊಂಡಿದ್ದೆವು. ಅದು ಮೋಡ್ ಬದಲಿಸಿ ಆ ಕೆಲಸ ಬಿಟ್ಟಿತ್ತು. ಮೋಡ್ ಬದಲಾದರೆ ಪರದೆ ನೋಡಿ ಗಟ್ಟಿಯಾಗಿ ಓದಬೇಕೆಂಬುದು ನಿಯಮ. ಕ್ಯಾಪ್ಟನ್ ನೋಡಿರುತ್ತಾರೆಂದು ನಾನು ಸುಮ್ಮನಿದ್ದೆ, ನಾನು ನೋಡಿರುತ್ತೇನೆಂದು ಅವರು. ವೇಗ ಕುಸಿದು ಎಚ್ಚರಿಕೆಯ ಗಂಟೆ ಬಡಿದುಕೊಂಡಿತು; ನಾವು ವಿಮಾನವನ್ನು ಮೇಲಕ್ಕೆತ್ತುವಷ್ಟರಲ್ಲಿ ತಾರಸಿಗಳ ಮೇಲೆ ಒಣಹಾಕಿದ ಬಟ್ಟೆ ಕಾಣುತ್ತಿತ್ತು. ನೀನು ಕಿಟಕಿಯಿಂದ ನೋಡಿದ ಊರು ಅದೇ.

ವರದಿ ಬರೆದುಕೊಟ್ಟೆ, ಮರುತರಬೇತಿಯೂ ಮುಗಿಯಿತು. ಆದರೂ ಒಲೆ ಆರಿಸಿ “ಆರಿದೆ” ಎಂದು ಗಟ್ಟಿಯಾಗಿ ಹೇಳದೆ ಅಡುಗೆಮನೆಯಿಂದ ಹೊರಬರಲಾರೆ.

ಭಾನುವಾರದ ವಿಮಾನಕ್ಕೆ ಚಿಕ್ಕಮ್ಮನನ್ನೂ ಕರೆದುಕೊಂಡು ಬರುತ್ತೇನೆಂದಿದ್ದೀಯ. ರೈಲಿನಲ್ಲಿ ಬನ್ನಿ. ಆ ವಿಮಾನವನ್ನು ಇಳಿಸುವವಳು ನಾನೇ.

ನಿನ್ನ ಮಗಳು