ಎಣ್ಣೆ ಎಂದರೆ ಯಾವ ಎಣ್ಣೆ?

ಇಂಗ್ಲೆಂಡಿನ ಗುಪ್ತಚರ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ, ನಿಮ್ಮ ಮೌನದಿಂದಾಗಿ ಎನ್.ಆರ್.ಪುರ ತಾಲ್ಲೂಕಿನ ಗ್ರಂಥಪಾಲಕನೊಬ್ಬನ ಕೆಲಸ ಹೋಗುವುದರಲ್ಲಿದೆ. ಆ ಬಡಪಾಯಿ ನಾನೇ.

ನಮ್ಮ ಹಳ್ಳಿಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಉಪನ್ಯಾಸ ಕೊಡುತ್ತೇನೆ. ಬರುವವರು ನಾಲ್ಕೇ ಜನ, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ. ಕಳೆದ ತಿಂಗಳು, ೧೯೫೩ರಲ್ಲಿ ನೀವೂ ಅಮೆರಿಕದ ನಿಮ್ಮ ಗೆಳೆಯರೂ ಸೇರಿ ಇರಾನಿನಲ್ಲಿ ನಡೆಸಿದ ಕಾರುಬಾರನ್ನು ಹೇಳೋಣವೆಂದು ಬೋರ್ಡಿನ ಮೇಲೆ ಬರೆದೆ: ‘ಎಣ್ಣೆಯನ್ನು ದೇಶದ ಸ್ವತ್ತು ಮಾಡಿದ ಪ್ರಧಾನಿಯನ್ನು ಇಳಿಸಿದ್ದು ಯಾರು?’ ಪೆಟ್ರೋಲಿಯಂ ಎಂದು ಬರೆಯಬೇಕಿತ್ತು. ಅಚ್ಚಗನ್ನಡದ ಚಪಲ ನನ್ನನ್ನು ಕೆಡಿಸಿತು. ಸಂಜೆಯಾದ ಮೇಲೆ ನಮ್ಮಲ್ಲಿ ಎಣ್ಣೆಗೆ ಒಂದೇ ಅರ್ಥ. ಅದು ದೀಪಕ್ಕೂ ಅಲ್ಲ, ಒಗ್ಗರಣೆಗೂ ಅಲ್ಲ, ಬ್ರಾಂದಿ ಅಂಗಡಿಯದು.

ಅರವತ್ತು ಜನ ಬಂದರು. ಮುತ್ತಿನಕೊಪ್ಪದಿಂದ ಬಸ್ಸು ಹತ್ತಿ ಬಂದಿದ್ದ, ತೋಟದ ಕೆಲಸದ ಗಿಡ್ಡಯ್ಯ ಮೊದಲ ಸಾಲಿನಿಂದಲೇ ಕೇಳಿದ: “ರೇಷನ್ ಕಾರ್ಡಿಗೆ ತಲೆಗೆಷ್ಟು ಕೊಡ್ತಾರೆ ಮಾರಾಯ್ರೆ?” ಇದು ನೆಲದಡಿಯ ಎಣ್ಣೆ ಎಂದು ಬಿಡಿಸಿ ಹೇಳಿದೊಡನೆ ಮುಕ್ಕಾಲು ಜನ ಎದ್ದು ಹೋದರು. ಬ್ರಾಂದಿ ಅಂಗಡಿ ಮುಚ್ಚಿಸುವ ಸಭೆಯೆಂದು ತಿಳಿದು ಬಂದಿದ್ದ ಕೂಲಿ ಕೆಲಸದ ಪುಟ್ಟಕ್ಕ ಮಾತ್ರ ಕದಲಲಿಲ್ಲ. ನೀವು ಪತ್ರಿಕೆಗಳಿಗೆ ದುಡ್ಡು ಕೊಟ್ಟು ಸುಳ್ಳು ಬರೆಸಿದ್ದು, ಬಾಡಿಗೆ ಜನರಿಂದ ಬೀದಿಯಲ್ಲಿ ಗಲಾಟೆ ಎಬ್ಬಿಸಿದ್ದು, ಕೊನೆಗೆ ಆ ವೃದ್ಧ ಪ್ರಧಾನಿ ಜೈಲು ಸೇರಿದ್ದು, ಎಲ್ಲವನ್ನೂ ಆಕೆ ಕೂತು ಕೇಳಿದರು.

“ಅವ್ರ ನೆಲದ್ದು ಅವ್ರಿಗೇ ಅಂದಿದ್ದಕ್ಕೆ ಇಳಿಸಿದ್ರಾ?” ಎಂದರು. ಹೌದೆಂದೆ. ಅವರಿಗೆ ಬಂದ ಸಿಟ್ಟು ನೋಡಿ ನನಗೆ ಖುಷಿಯಾಯಿತು. ಹದಿನೆಂಟು ವರ್ಷದ ನೌಕರಿಯಲ್ಲಿ ನನ್ನ ಮಾತು ಯಾರಿಗಾದರೂ ತಟ್ಟಿದ್ದು ಅದೇ ಮೊದಲು.

ಎದ್ದು ಹೋದವರಲ್ಲಿ ಯಾರೋ ದೂರು ಕೊಟ್ಟರು. ಸರ್ಕಾರಿ ಗ್ರಂಥಾಲಯದಲ್ಲಿ ಮದ್ಯದ ಪ್ರಚಾರ ಮಾಡಿದ್ದೇನೆಂದು ಮೇಲಿನಿಂದ ಮೆಮೊ ಬಂತು. ಏಳು ದಿನದೊಳಗೆ ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ಇರಾನಿನಲ್ಲಿ ಇಂಥದ್ದೊಂದು ಘಟನೆ ನಡೆದಿತ್ತೆಂದು ಮೊಹರಿರುವ ದಾಖಲೆ ತರಬೇಕು. ಎರಡೂ ಆಗದಿದ್ದರೆ ವಜಾ. ಅಮೆರಿಕದ ನಿಮ್ಮ ಗೆಳೆಯರು ಅರವತ್ತು ವರ್ಷದ ನಂತರವಾದರೂ ತಮ್ಮ ಪಾಲನ್ನು ಒಪ್ಪಿಕೊಂಡು ಬಯಲಿಗಿಟ್ಟ ಕಾಗದದ ಪ್ರತಿ ಒಯ್ದು ತೋರಿಸಿದೆ. ಅಧಿಕಾರಿಗಳು ಕನ್ನಡಕ ತೆಗೆದು, “ಇಬ್ರು ಸೇರಿ ಮಾಡಿದ್ದು ಅಂತೀರಿ. ಜಂಟಿ ಖಾತೆಗೆ ಒಬ್ರ ಸಹಿ ನಡೆಯುತ್ತಾ?” ಎಂದರು.

ಊರಿಗೆಲ್ಲ ಗೊತ್ತಿರುವುದನ್ನು ಒಪ್ಪಿಕೊಳ್ಳಲು ನಿಮಗೇನು ಧಾಡಿ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ‘ಹೌದು, ಇಳಿಸಿದ್ದು ನಾವೇ. ಅದು ಪೆಟ್ರೋಲಿಯಂ ಎಣ್ಣೆ’ ಎಂದು ಎರಡು ಸಾಲು ಬರೆದು, ಸಹಿ ಮಾಡಿ, ಮೊಹರು ಒತ್ತಿ. ಮೂಲ ಪ್ರತಿ ಇರಾನಿನ ಜನರಿಗೆ, ನಕಲು ನನಗೆ.

ಮಾಡದ ತಪ್ಪು ಒಪ್ಪಿಕೊಳ್ಳಲು ನನಗೆ ಕೊಟ್ಟಿರುವುದು ಏಳು ದಿನ. ಮಾಡಿದ್ದನ್ನು ಒಪ್ಪಿಕೊಳ್ಳಲು ನಿಮಗೆ ಎಪ್ಪತ್ತು ವರ್ಷವೂ ಸಾಲಲಿಲ್ಲ.

ಇಂತಿ,
ಬರುವ ಶುಕ್ರವಾರದವರೆಗೆ ಗ್ರಂಥಪಾಲಕನಾಗಿರುವ
ಸೋಮನಾಥ್