ಗೂಬೆಯ ಮಹರ್

ದೇರಾ, ದುಬೈ
14 ನವೆಂಬರ್ 2025

ಪ್ರೀತಿಯ ತಮ್ಮ ಇಮ್ತಿಯಾಜ್‌ಗೆ ಅಣ್ಣನ ಸಲಾಂ.

ನೀನು, ಮಕ್ಕಳು ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಫೋನು ಎತ್ತಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಅತ್ತಿಗೆ ಖೈರುನ್ನಿಸ ಪಕ್ಕದಲ್ಲೇ ನಿಂತು ನನ್ನನ್ನು ತಿದ್ದುತ್ತಾಳೆ. ಅದಕ್ಕೇ ಬರೆದು, ಊರಿಗೆ ಹೊರಟಿರುವ ಗೆಳೆಯ ಪಾಯ್ಸ್ ಕೈಯಲ್ಲಿ ಕಳಿಸುತ್ತಿದ್ದೇನೆ.

ರುಬೀನಳ ನಿಖಾಹ್ ಮುಂದಿನ ತಿಂಗಳಲ್ಲವೇ? ಎಲ್ಲ ಹುಡುಗಿಯರೂ ವರನಿಂದ ಮಹರ್ ಆಗಿ ಚಿನ್ನ ಕೇಳುತ್ತಾರೆ. ಅಬುಧಾಬಿಯ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವ ನನ್ನ ಮಗಳು ಕೇಳಿದ್ದು ಅಥೆನ್ಸಿನ ಹಳೆಯ ಬೆಳ್ಳಿ ನಾಣ್ಯ, ಸುಮಾರು ಎರಡೂವರೆ ಸಾವಿರ ವರ್ಷದ್ದು. ಒಂದು ಬದಿ ಅಲ್ಲಿಯ ದೇವತೆಯ ಮುಖ, ಇನ್ನೊಂದು ಬದಿ ಗೂಬೆ. ಮದುವೆಗೆ ಗೂಬೆಯೇ ಬೇಕಿತ್ತೇ ಎಂದು ಖೈರುನ್ನಿಸ ತಲೆ ಚಚ್ಚಿಕೊಂಡಳು. ಆ ಗ್ರೀಕರಿಗೆ ಗೂಬೆ ಬುದ್ಧಿಯ ಗುರುತಂತೆ. ಹುಡುಗ ಶಹೀರ್, ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಯಲ್ಲಿ ಇಂಜಿನಿಯರ್, ಪಾಪ, ಯಾರ್ಯಾರನ್ನೋ ಹಿಡಿದು ಹುಡುಕಿ ತಂದ. ನಿಖಾಹ್ ತನಕ ನಿಮ್ಮಲ್ಲೇ ಇರಲಿ ಮಾಮ ಎಂದು ನನ್ನ ಕೈಗೇ ಕೊಟ್ಟ.

ನೀನೇ ಹೇಳು, ಇಲ್ಲಿಯ ನೈಫ್ ಬಜಾರಿನಲ್ಲಿ ಬೆಳ್ಳಿ ಅಂಗಡಿ ಇಟ್ಟವನ ಕೈಗೆ ಬೆಳ್ಳಿ ಕೊಟ್ಟರೆ ಅವನೇನು ಮಾಡುತ್ತಾನೆ? ಅಂಚಿನಲ್ಲಿ, ಗೂಬೆಯ ಕಾಲಿನ ಹತ್ತಿರ, ಅರದಿಂದ ಆಳವಾಗಿ ಉಜ್ಜಿ ಪರೀಕ್ಷೆಯ ಆಸಿಡ್ ಒಂದು ಹನಿ ಬಿಟ್ಟೆ. ಕೆಂಪಗೆ ತಿರುಗಿತು. ಅಪ್ಪಟ ಬೆಳ್ಳಿ. ಮನೆಗೆ ಬಂದು, ಹುಡುಗ ಮೋಸದವನಲ್ಲ ಎಂದು ಖುಷಿಯಿಂದಲೇ ಹೇಳಿದೆ.

ರುಬೀನ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹಾಳಾಯಿತಂತೆ. ನನಗೂ ಸಿಟ್ಟು ಬಂತು. ಆ ಕಾಲದಲ್ಲೂ ಒಳಗೆ ತಾಮ್ರ, ಮೇಲೆ ಬೆಳ್ಳಿ ಹೊದಿಸಿದ ಖೋಟಾ ನಾಣ್ಯಗಳಿದ್ದವಂತೆ. ಅಥೆನ್ಸಿನ ವ್ಯಾಪಾರಿಗಳು ಉಳಿಯಿಂದ ಕಡಿದು ನೋಡುತ್ತಿದ್ದರಂತೆ. ಇದನ್ನು ನನಗೆ ಹೇಳಿಕೊಟ್ಟವಳು ಅವಳೇ! ಅದನ್ನೇ ಅವಳ ಮುಖಕ್ಕೆ ಹೇಳಿದೆ.

"ಅವರು ವ್ಯಾಪಾರ ಮಾಡ್ತಿದ್ರು, ಉಪ್ಪ. ನಾನು ಮದುವೆ ಆಗ್ತಾ ಇದ್ದೇನೆ," ಎಂದಳು.

ಬೇರೆ ನಾಣ್ಯ ತರಿಸುತ್ತೇನೆಂದೆ, ಬೇಡವಂತೆ. ಅವನು ತಂದದ್ದು ಇದೇ ಅಂತೆ. ಶಹೀರನಾದರೂ ನಾಲ್ಕು ಮಾತು ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಪರವಾಗಿಲ್ಲ ಅಂಕಲ್," ಎಂದ. ಇಷ್ಟು ದಿನ ಮಾಮ, ಈಗ ಅಂಕಲ್! ಮನೆಯವರೆಲ್ಲ ಸೇರಿ ನನ್ನ ಮೇಲೆ ಗೂಬೆ ಕೂರಿಸಿದ್ದಾರೆ. ಖೈರುನ್ನಿಸಳಂತೂ, ಖಲಾಸ್, ಇನ್ನು ಬಾಯಿ ತೆರೆಯಬೇಡಿ ಎನ್ನುತ್ತಾಳೆ. ನಂಬಿ ಮೋಸಹೋದ ಅಂಗಡಿಗಳು ನೈಫ್‌ನಲ್ಲಿ ಎಷ್ಟು ಮುಚ್ಚಿವೆ ಎಂದು ಇವರಿಗೇನು ಗೊತ್ತು? ನಾನು ಪರೀಕ್ಷಿಸಿದ್ದು ಬೆಳ್ಳಿಯನ್ನು, ಹುಡುಗನನ್ನಲ್ಲ. ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ.

ಇರಲಿ. ಅಲ್ಲಾಹು ನಿನಗೂ ಮಕ್ಕಳಿಗೂ ಆರೋಗ್ಯ, ಬರ್ಕತ್ ಕೊಡಲಿ. ನಮಗಾಗಿ ದುಆ ಮಾಡು.

ನಿನ್ನ ಅಣ್ಣ,
ಅಬ್ದುಲ್ ರವೂಫ್

ತಾ.ಕ.: ನಿನಗೆ ವಿಸಿಟ್ ವೀಸಾ ಮಾಡಿಸುತ್ತಿದ್ದೇನೆ, ಸ್ವಲ್ಪ ಮುಂಚೆಯೇ ಬಾ. ನಿಖಾಹ್‌ನಲ್ಲಿ ವರನ ಕೈ ಹಿಡಿದು, ಎಲ್ಲರ ಮುಂದೆ ನಿಖಾಹ್ ಮಾತು ಹೇಳಿ ಮಗಳನ್ನು ಒಪ್ಪಿಸಿಕೊಡಬೇಕಾದವನು ನಾನು. ನನ್ನ ಬದಲು ನೀನು ಹಿಡಿಯಬೇಕೆಂದು ರುಬೀನ ಕೇಳಿದ್ದಾಳೆ. ನಾನು ಒಪ್ಪಿದ್ದೇನೆ. ಬಂದವರು ಯಾರಾದರೂ ಕೇಳಿದರೆ, ಅಣ್ಣನಿಗೆ ಗಂಟಲು ಸರಿಯಿಲ್ಲ ಎಂದು ಹೇಳು.